ನಸರಿ ಜೇನಿನ ಬಾಗಿಲಲ್ಲಿ ಅಂಟಿನ ಕೊಳವೆ

ಲೋಕ ಆಗಿನ್ನೂ ಹೊಸದು, ಮಗಾ. ಬೆಟ್ಟಗಳ ಮಣ್ಣು ಹಸಿಯಾಗಿತ್ತು. ನದಿಗೆ ಯಾವ ಕಡೆ ಹರಿಯಬೇಕೆಂದು ತಿಳಿಯದೆ ಸಿಕ್ಕಸಿಕ್ಕವರನ್ನೆಲ್ಲ ದಾರಿ ಕೇಳುತ್ತಿತ್ತು. ಆಗ ನಸರಿ ಜೇನಿಗೂ ಮುಳ್ಳಿತ್ತು.

ಹೌದು, ನಮ್ಮ ಗೋಡೆಯ ಬಿರುಕಿನಲ್ಲಿರುವ ಇದೇ ಎಳ್ಳುಕಾಳಿನಷ್ಟು ನಸರಿಗೆ! ಚಿಕ್ಕಮ್ಮ ಅದರ ಕೊಳವೆಯಿಂದ ಚಿಟಿಕೆ ಅಂಟು ಕಿತ್ತಳೆಂದು ಮುಖ ಊದಿಸಿಕೊಂಡಿದ್ದೀಯಲ್ಲ, ಇರಲಿ. ಮುಖ ಆ ಕಡೆಯೇ ಇಟ್ಟುಕೋ, ಕಿವಿ ಮಾತ್ರ ಈ ಕಡೆ ಕೊಡು.

ಮುಳ್ಳಿದ್ದ ಕಾಲದಲ್ಲಿ ನಸರಿಯ ಜಂಬ ಹೇಳತೀರದು. ಹಲ್ಲಿ ಬಂದರೆ ಚುಚ್ಚು. ಇರುವೆ ಬಂದರೆ ಚುಚ್ಚು. ಗಾಳಿ ಜೋರಾಗಿ ಬೀಸಿದರೆ ಗಾಳಿಗೂ ಒಂದು ಚುಚ್ಚು.

ಒಮ್ಮೆ ಒಂದು ನಸರಿ ಮನೆಯ ಮರಿಗಳು ಕಾಯಿಲೆ ಬಿದ್ದವು. ಬೆಳ್ಳಗಿದ್ದವು ಕಪ್ಪಾದವು, ಮೆತ್ತಗಾದವು, ಸತ್ತವು. ರಾಣಿ ಒಂದೊಂದು ತೊಟ್ಟಿಲಿಗೂ ಇಣುಕಿ ಅತ್ತಳು.

"ಹೀಗೇ ಆದರೆ ಮಳೆ ಬರೋಷ್ಟರಲ್ಲಿ ನಮ್ಮನೆ ಖಾಲಿ," ಎಂದಳು.

ಕಾವಲಿನವರು ಮುಳ್ಳು ಚಾಚಿಕೊಂಡು ಬಾಗಿಲಿಗೆ ಓಡಿದರು. "ಎಲ್ಲಿದ್ದಾನೆ ಅವನು? ತೋರಿಸಿ!"

ಬಾಗಿಲಲ್ಲಿ ಯಾರೂ ಇರಲಿಲ್ಲ. ಕಾಯಿಲೆ ಕಣ್ಣಿಗೇ ಕಾಣದಷ್ಟು ಚಿಕ್ಕದು. ಅದನ್ನು ಎಲ್ಲಿ ಅಂತ ಚುಚ್ಚುವುದು?

ಆ ಮನೆಯಲ್ಲಿ ಸಣ್ಣಿ ಅಂತ ಒಬ್ಬಳಿದ್ದಳು. ನಿನ್ನ ಹಾಗೆಯೇ, ಬಾಯಿ ತೆರೆದರೆ ಪ್ರಶ್ನೆ. ಅವಳು ಕೇಳಿಕೊಂಡು ಬರಲು ಹೊರಟಳು.

"ಗಾಳಿಯಣ್ಣ, ನಮ್ಮ ಮರಿಗಳನ್ನು ಕೊಲ್ತಿರೋದು ಯಾರು?"

"ನನಗೇನು ಗೊತ್ತಮ್ಮ! ನಿಮ್ಮ ಬಾಗಿಲು ಅಷ್ಟಗಲ ತೆರೆದಿರುತ್ತೆ, ನಾನು ಧೂಳು ಹೊತ್ತು ಸೀದಾ ಒಳಗೆ ಬರ್ತೀನಿ. ಧೂಳಲ್ಲಿ ಯಾರ್ಯಾರು ಕೂತಿರ್ತಾರೋ, ನೋಡಿದೋರು ಯಾರು?"

"ನದಿಯಕ್ಕ, ನಿನಗಾದರೂ ಗೊತ್ತಾ?"

"ನನಗೆ ನನ್ನ ದಾರೀನೇ ಗೊತ್ತಿಲ್ಲ ಕಣೇ. ಆದರೆ ದಡದಲ್ಲಿರೋ ಆ ಧೂಪದ ಮರ ನೋಡು. ಆನೆ ಅದರ ತೊಗಟೆ ಸೀಳಿ ಎಷ್ಟು ಕಾಲವಾಯ್ತು, ಗಾಯ ಇನ್ನೂ ಕೊಳೆತಿಲ್ಲ."

ಸಣ್ಣಿ ಹೋಗಿ ಮರದ ಗಾಯದ ಮೇಲೆಯೇ ಕೂತಳು. ಕಾಲು ಅಂಟಿಕೊಂಡಿತು.

"ಇದೇನಜ್ಜ ಇದು?"

"ನನ್ನ ಅಂಟು," ಎಂದಿತು ಮರ. "ನನಗೆ ಓಡೋಕಾಗಲ್ಲ, ಚುಚ್ಚೋಕಾಗಲ್ಲ. ಗಾಯ ಆದ ಕಡೆ ಇದನ್ನ ಬಳಿದು ಸುಮ್ಮನಿರ್ತೀನಿ. ನಿಮಗೆ ಆಗುತ್ತೋ ಇಲ್ವೋ, ಅದು ನನಗೆ ಗೊತ್ತಿಲ್ಲಮ್ಮ."

"ನೋಡೋಣ," ಎಂದಳು ಸಣ್ಣಿ.

ಮನೆಗೆ ಬಂದವಳು ಎಡಗಡೆಯ ತೊಟ್ಟಿಲುಗಳ ಸುತ್ತ ಮಾತ್ರ ಅಂಟು ಬಳಿದಳು. ಬಲಗಡೆ ಹಾಗೇ ಬಿಟ್ಟಳು.

"ಅದ್ಯಾಕೆ ಅರ್ಧಂಬರ್ಧ ಕೆಲಸ?" ಎಂದು ಹಿರಿಯರು ಗದರಿದರು.

"ಎಲ್ಲ ಕಡೆ ಬಳಿದರೆ, ಅಂಟಿನಿಂದ ವಾಸಿಯಾಯ್ತೋ ತಾನಾಗೇ ವಾಸಿಯಾಯ್ತೋ ಹೇಗೆ ತಿಳಿಯೋದು?"

ಕಾದರು. ಎಡಗಡೆಯ ಮರಿಗಳು ಹಾಲಿನಂತೆ ಬೆಳ್ಳಗೇ ಉಳಿದವು. ಬಲಗಡೆ ಮತ್ತೆ ಮೂರು ಕಪ್ಪಾದವು. ರಾಣಿ ಅಳುತ್ತ ಬಲಗಡೆಗೆ ಓಡಿದಳು.

"ನೋಡಿದ್ದು ಸಾಕು! ಆ ಕಡೆಗೂ ಬಳೀರೇ!" ಎಂದು ಕೂಗಿದಳು. ಸಣ್ಣಿಗೂ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಬಳಿದಳು.

ಮನೆಮಂದಿಯೆಲ್ಲ ಅಂಟು ಹೊತ್ತು ತಂದರು. ತೊಟ್ಟಿಲಿಗೆ ಬಳಿದರು, ಗೋಡೆಗೆ ಬಳಿದರು. ಧೂಳು ಸೀದಾ ನುಗ್ಗದಿರಲೆಂದು ಬಾಗಿಲನ್ನು ಕಿರಿದು ಮಾಡಿ, ಮುಂದಕ್ಕೆ ಎಳೆದು ಕೊಳವೆ ಮಾಡಿದರು. ಕೈಕಾಲೆಲ್ಲ ಅಂಟು. ಒತ್ತಿ ಕೂರಿಸಲು ಇನ್ನೇನಿದೆ? ಹಿಂದಕ್ಕೆ ತಿರುಗಿ ಮುಳ್ಳಿನಿಂದಲೇ ಒತ್ತಿದರು!

ಒತ್ತಿದ ಮುಳ್ಳು ಅಂಟಿನಲ್ಲೇ ಉಳಿಯಿತು. ಇವಳದೊಂದು, ಅವಳದೊಂದು. ಅವಸರದಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಇರುವೆಗಳು ಸಾಲುಗಟ್ಟಿ ಬಂದಾಗ. ಕಾವಲಿನವರು ಠೀವಿಯಿಂದ ಹಿಂದಕ್ಕೆ ತಿರುಗಿ ಚುಚ್ಚಿದರು. ಏನೂ ಆಗಲಿಲ್ಲ. ಮತ್ತೆ ಚುಚ್ಚಿದರು. ಇರುವೆಗಳಿಗೆ ನಗು.

"ಅಯ್ಯೋ! ಈಗೇನು ಗತಿ?"

"ನೋಡೋಣ," ಎಂದಳು ಸಣ್ಣಿ. ಅವಳ ದನಿ ನಡುಗುತ್ತಿತ್ತು.

ಮೊದಲ ಇರುವೆ ಕೊಳವೆಯ ಅಂಚಿಗೆ ಕಾಲಿಟ್ಟಿತು. ಅಂಟಿಕೊಂಡಿತು. ಅದನ್ನು ಎಳೆಯಲು ಬಂದ ಎರಡನೆಯದೂ ಅಂಟಿಕೊಂಡಿತು. ಮೂರನೆಯದು ನಿಂತು ನೋಡಿತು, ಮನೆ ಕಡೆ ಏನೋ ಕೆಲಸವಿದೆ ಎಂದು ವಾಪಸು ಹೊರಟಿತು.

"ಮುಳ್ಳು ಮತ್ತೆ ಬರಲೇ ಇಲ್ವಾ ಅಜ್ಜಿ?"

ಓಹೋ, ಬಾಯಿ ಬಂತಾ! ಇಲ್ಲ ಮಗಾ. ಆ ವರ್ಷ ಅಷ್ಟು ಮರಿಗಳು ಬದುಕಿದವು, ಮುಳ್ಳು ಹುಡುಕಲು ಯಾರಿಗೂ ಪುರುಸೊತ್ತಾಗಲಿಲ್ಲ.

ಹಿತ್ತಿಲ ಪೆಟ್ಟಿಗೆಯಲ್ಲಿ ತುಡುವೆ ಜೇನಿನ ಮರಿಗಳು ಸಾಯುತ್ತಿರುವುದನ್ನು ನೀನೂ ನೋಡಿದ್ದೀಯ. ಈ ಅಂಟು ಅವಕ್ಕೂ ಆಗುತ್ತದೋ ಏನೋ ಎಂದು ಪರೀಕ್ಷೆ ಮಾಡಲು ಚಿಕ್ಕಮ್ಮ ಚಿಟಿಕೆಯಷ್ಟನ್ನು ತನ್ನ ಪ್ರಯೋಗಾಲಯಕ್ಕೆ ಒಯ್ದಿದ್ದಾಳೆ. "ಉಳೀತಾವೇನೇ?" ಎಂದು ಕೇಳಿದೆ. "ನೋಡೋಣಮ್ಮ," ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಬಾ, ಗೋಡೆ ಹತ್ತಿರ ಬಾ. ಅವಳು ಕಿತ್ತ ಜಾಗಕ್ಕೆ ನಸರಿಗಳು ಬೆಳಿಗ್ಗೆಯಿಂದ ಹೊಸ ಅಂಟು ತಂದು ಒತ್ತುತ್ತಿವೆ. ಅಂದು ಸಣ್ಣಿಯ ಮನೆಯವರು ಮುಳ್ಳನ್ನು ಬಾಗಿಲಲ್ಲೇ ಬಿಟ್ಟದ್ದಕ್ಕೆ, ಇಂದಿಗೂ ಆ ಕೊಳವೆಯ ಮೇಲೆ ನೀನು ಬೆರಳಿಟ್ಟರೆ ಅದು ಚುಚ್ಚುವುದಿಲ್ಲ, ಅಂಟಿಕೊಳ್ಳುತ್ತದೆ.