ಹನ್ನೆರಡು ಹರದಾರಿ ಆಚೆಯ ಸಿಡಿಲು

ಹೊಳೆ ದಂಡೆಯ ಮಠದಲ್ಲಿ ಚಾಪೆ ಮೇಲೆ ಕೂತವನೊಬ್ಬ, ಏಳು ಸಮುದ್ರದಾಚೆ ಬಿದ್ದ ಸಿಡಿಲು ಯಾವ ಕಾಡಿಗೆ ಬಿತ್ತೆಂದು ಹೇಳುತ್ತಿದ್ದ. ನಂಬುವುದಿಲ್ಲವೇ? ನಂಬಬೇಡಿ. ಊರವರೂ ಮೊದಮೊದಲು ನಂಬಿರಲಿಲ್ಲ.

ಅವನ ಹೆಸರು ಫಕೀರಪ್ಪ. ಆ ವಿದ್ಯೆ ಕಲಿಸಿದವರು ಮಠದ ಮರುಳಯ್ಯಜ್ಜ.

ಮಳೆಗಾಲದಲ್ಲಿ ರೇಡಿಯೊ ಹಚ್ಚಿದರೆ ಹಾಡಿನ ನಡುವೆ ಚಟ್ ಚಟ್ ಎನ್ನುತ್ತದಲ್ಲ, ಅದು ಸಿಡಿಲು ಹೊರಡಿಸುವ ಅಲೆ. ಅಜ್ಜನ ಪೆಟ್ಟಿಗೆ ಆ ಅಲೆಯನ್ನು ಹಿಡಿದು, ಅದು ಬಂದ ಗಳಿಗೆಯನ್ನು ಬರೆದಿಡುತ್ತಿತ್ತು. ಇಂಥ ಪೆಟ್ಟಿಗೆಗಳು ದೇಶದೇಶಗಳಲ್ಲಿದ್ದು, ಇಂಟರ್ನೆಟ್ಟಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಯಾವುದಕ್ಕೆ ಮೊದಲು ಕೇಳಿಸಿತು, ಯಾವುದಕ್ಕೆ ಆಮೇಲೆ ಎಂಬ ಕೂದಲೆಳೆಯಷ್ಟು ವ್ಯತ್ಯಾಸದಿಂದ ಜಾಗ ಗೊತ್ತಾಗಿ, ಪರದೆಯ ನಕಾಶೆಯ ಮೇಲೆ ಕೆಂಪು ಚುಕ್ಕಿ ಮೂಡುತ್ತಿತ್ತು.

ಎರಡೇ ವರ್ಷಕ್ಕೆ ಫಕೀರಪ್ಪ ಎಲ್ಲ ಕಲಿತ. ಅವನಷ್ಟು ಚುರುಕು ಸುತ್ತ ಏಳು ಹಳ್ಳಿಯಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನು ಅವನೇ ಹೇಳುತ್ತಿದ್ದ.

"ಅಜ್ಜಾರ, ಇನ್ನೇನು ಉಳದೈತ್ರಿ ಕಲಿಯಾಕ? ಪೆಟ್ಟಿಗಿ ನನ್ನ ಕೈಗೆ ಕೊಡ್ರಿ. ಊರಾಗ ನನ್ನ ಮಾತು ನಡೀಲಿ."

"ನಡೀಲಿ," ಎಂದರು ಅಜ್ಜ. "ಎಲ್ಲೀತನಕ ನಡೀತೈತಿ ನೋಡೂಣು."

ವೈಶಾಖದ ಒಂದು ಮಧ್ಯಾಹ್ನ ಕುರಿ ಕಾಯುವ ಬೀರಪ್ಪ, ಅವನ ಹೆಂಡತಿ ಮಾಳವ್ವ ಹಿಂಡು ಹೊಡೆದುಕೊಂಡು ಮಠದ ಮುಂದೆ ಬಂದರು. ಪಡುವಣದಲ್ಲಿ ಮೋಡ ಕಪ್ಪಿಟ್ಟಿತ್ತು.

"ಏ ಸಿಡಿಲಪ್ಪಾ," ಎಂದು ಬೀರಪ್ಪ ಕೆಣಕಿದ. "ನನ್ನ ಕಳದ ಟಗರು ಎಲ್ಲೈತಿ ಅಂತ ಹೇಳ್ತೈತೇನಲೇ ನಿನ್ನ ಪೆಟ್ಟಿಗಿ?"

"ಅದರ ತಲಿ ಮ್ಯಾಲೆ ಸಿಡಿಲು ಬಿದ್ರ ಹೇಳ್ತೈತಿ, ಕಾಕಾ."

ಮಾಳವ್ವ ನಗಲಿಲ್ಲ. "ಹೊಳಿ ಆಚೆ ಬಯಲಾಗ ಹುಲ್ಲೈತಿ. ಕುರಿ ಎರಡು ದಿನದಿಂದ ಉಪವಾಸ ಅದಾವು. ದಾಟಿಸ್ಲೋ ಬ್ಯಾಡೋ, ನೀ ಹೇಳು ತಮ್ಮಾ."

ಅಜ್ಜ ಒಳಗೆ ಪೂಜೆಗೆ ಕೂತಿದ್ದರು. ಅವರನ್ನೊಂದು ಮಾತು ಕೇಳಬಹುದಿತ್ತು. ಫಕೀರಪ್ಪ ಕೇಳಲಿಲ್ಲ, ನಕಾಶೆ ನೋಡಿದ.

"ಸಿಡಿಲು ಹನ್ನೆರಡು ಹರದಾರಿ ಆಚೆ ಐತಿ. ಆರಾಮ ದಾಟಿಸು, ಚಿಗವ್ವ. ನಾ ಇದ್ದೀನಲ್ಲ."

ಅವರು ದಾಟಿದರು.

ತಾಸಿನೊಳಗೆ ಗಾಳಿ ತಿರುಗಿತು. ಅಜ್ಜ ಹೊರಗೆ ಬಂದು, ಪೆಟ್ಟಿಗೆ ಸುಟ್ಟು ಹೋಗಬಾರದೆಂದು ಅದರ ಅಲೆ ಹಿಡಿಯುವ ತಂತಿ ಕಿತ್ತಿಟ್ಟರು. ಆಕಾಶ ಒಮ್ಮೆ ಬಿಳಿಚಿತು. ಮಠದ ಗೋಡೆ ನಡುಗಿತು.

ತಂತಿ ಇಲ್ಲದಿದ್ದರೂ ಪರದೆಯ ಮೇಲೆ ಹೊಸ ಚುಕ್ಕಿ ಮೂಡಿತು. ದೂರದ ಪೆಟ್ಟಿಗೆಗಳು ಕೇಳಿಸಿಕೊಂಡಿದ್ದವು.

"ನೋಡ್ರಿ ಅಜ್ಜಾರ," ಎಂದ ಫಕೀರಪ್ಪ, ಎದೆಯುಬ್ಬಿಸಿ. "ನಮ್ಮದು ಕಿವುಡಾದ್ರೂ ಜಗತ್ತು ಹೇಳಾಕತ್ತೈತಿ. ಹೊಳಿ ಆಚೆ, ಬಯಲಾಗಿನ ಬೇವಿನ ಗಿಡದ ಹತ್ರ. ನೂರು ಮಾರು ಸೈತ ಆಚೀಚಿ..."

ಮಾತು ಅಲ್ಲಿಗೇ ನಿಂತಿತು. ತಿರುಗಿ ನೋಡಿದರೆ, ಅಜ್ಜ ಆಗಲೇ ಮಳೆಯಲ್ಲಿ ಹೊಳೆಗೆ ಇಳಿದಿದ್ದರು.

ಬೇವಿನ ಕೆಳಗೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಸತ್ತು ಬಿದ್ದಿದ್ದವು. ಅವುಗಳ ನಡುವೆ ಬೀರಪ್ಪ. ಅವನ ತೋಳಿನಲ್ಲಿ ಒಂದು ಮರಿ.

ಮಾಳವ್ವ ದೂರದಲ್ಲಿ, ಉಳಿದ ಕುರಿಗಳನ್ನು ತಡೆದು ನಿಂತಿದ್ದಳು. ಅಳಲಿಲ್ಲ, ಬೈಯಲಿಲ್ಲ.

"ಹನ್ನೆರಡು ಹರದಾರಿ ಅಂದಿದ್ದಿಯಲ್ಲೋ, ತಮ್ಮಾ," ಎಂದಳು.

ಬೀರಪ್ಪನನ್ನು ಮಣ್ಣು ಮಾಡಿದ ಮೂರನೆಯ ದಿನ ಫಕೀರಪ್ಪ ಬಟ್ಟೆ ಗಂಟು ಕಟ್ಟಿಕೊಂಡು ಅಜ್ಜನ ಮುಂದೆ ನಿಂತ.

"ಪೆಟ್ಟಿಗಿ ಸುಳ್ಳು ಹೇಳಿತ್ರಿ, ಅಜ್ಜಾರ."

"ಇಲ್ಲ. ಬಿದ್ದದ್ದನ್ನ ಅದು ಹೇಳ್ತು. ಬೀಳೂದನ್ನ ಹೇಳಿದಾಂವ ನೀನು."

ಫಕೀರಪ್ಪ ಗಂಟು ಹಿಡಿದು ಬಾಗಿಲ ಕಡೆ ತಿರುಗಿದ.

"ನಾ ಊರು ಬಿಡ್ತೀನ್ರಿ. ಆಕಿ ಮುಂದ ಹಾಯಾಕ ನನ್ನ ಕೈಲೆ ಆಗೂದಿಲ್ಲ."

ಅಜ್ಜ ಅವನ ಕೈಯಿಂದ ಗಂಟು ಇಸಿದುಕೊಂಡರು. ಬಿಚ್ಚಿದರು. ಅಂಗಿ, ಧೋತರ ಒಂದೊಂದಾಗಿ ಗೂಟಕ್ಕೆ ತೂಗು ಹಾಕಿದರು.

"ನನಗೇನೂ ಬ್ಯಾಡ್ರಿ ಈಗ," ಎಂದ ಫಕೀರಪ್ಪ. "ಪೆಟ್ಟಿಗೀನೂ ಬ್ಯಾಡ. ಹೋಗಾಕ ಬಿಡ್ರಿ."

ಅಜ್ಜ ಹೇಳಿದರು: "ಮಾಳವ್ವನ್ನ ಕೇಳಿ ಬಂದೀನಿ. ಒಪ್ಯಾಳ. ಬೀರಪ್ಪನ ಕುರಿ ನಾಳಿಂದ ನೀ ಕಾಯಬೇಕು."