ಕೆಂಚಪ್ಪನ ತಾತ್ಕಾಲಿಕ ವಸತಿಗೃಹ

ಬಿದಿರು ಹೂಬಿಟ್ಟು ಒಣಗಿ ನಿಂತಿದ್ದ ಒಂದು ಕಾಡಿನಲ್ಲಿ ಕೆಂಚಪ್ಪ ಎಂಬ ನರಿ ಇದ್ದ. ಅವನಿಗೆ ಬೇಟೆ ಅಷ್ಟಾಗಿ ಬರುತ್ತಿರಲಿಲ್ಲ, ಓಟವೂ ಅಷ್ಟಕ್ಕಷ್ಟೆ. ಮೆರೆಯಬೇಕೆಂಬ ಆಸೆ ಮಾತ್ರ ಆನೆಯಷ್ಟಿತ್ತು. ಅವನು ಬರುವುದನ್ನು ಕಂಡರೆ ಕಾಡುಕೋಳಿಗಳು ಕೂಡ ಮೇಯುವುದನ್ನು ಮುಗಿಸಿಕೊಂಡು, ರೆಕ್ಕೆ ಕೊಡವಿಕೊಂಡು, ಆಮೇಲೆ ನಿಧಾನವಾಗಿ ಹಾರುತ್ತಿದ್ದವು.

ಒಂದು ದಿನ ಬೆಳಿಗ್ಗೆ ಹಂದಿಯೊಂದು ಅವನನ್ನು ಅಟ್ಟಿಸಿಕೊಂಡು ಬಂತು. ಕೆಂಚಪ್ಪ ಬಾಯಲ್ಲಿ ಹಿಡಿದಿದ್ದ ಜೀವಂತ ಇಲಿಯ ಸಮೇತ ಒಂದು ಬಂಡೆಯ ಗವಿಗೆ ನುಗ್ಗಿದ. ಒಳಗೆ ಸಿಂಗಾರಮ್ಮ ಎಂಬ ಹೆಬ್ಬಾವು ಸುರುಳಿ ಸುತ್ತಿಕೊಂಡು ಮಲಗಿದ್ದಳು. ಹೆದರಿಕೆಗೆ ಕೆಂಚಪ್ಪನ ಬಾಯಿ ತೆರೆಯಿತು, ಇಲಿ ಕೆಳಗೆ ಬಿತ್ತು. ಸಿಂಗಾರಮ್ಮ ಅದನ್ನು ನುಂಗಿ ಮತ್ತೆ ಕಣ್ಣುಬಿಟ್ಟುಕೊಂಡೇ ನಿದ್ದೆ ಹೋದಳು. ಹಂದಿ ಇಣುಕಿ ನೋಡಿತು. ನರಿ ಹೆಬ್ಬಾವಿನ ಪಕ್ಕದಲ್ಲಿ ನಿಂತಿದೆ, ಜೀವಂತವಾಗಿದೆ! ಹಂದಿ ಬಂದ ದಾರಿಯಲ್ಲೇ ಓಟ ಕಿತ್ತಿತು.

ಸಂಜೆಯೊಳಗೆ ಕಾಡಿಗೆಲ್ಲ ಸುದ್ದಿ. "ಕೆಂಚಪ್ಪ ಹೆಬ್ಬಾವು ಸಾಕಿದ್ದಾನಂತೆ!"

ಅಲ್ಲ ಎನ್ನುವಷ್ಟು ಪ್ರಾಮಾಣಿಕತೆ ಕೆಂಚಪ್ಪನಿಗೆ ಹುಟ್ಟಿನಿಂದಲೇ ಇರಲಿಲ್ಲ. "ಹೂಂ, ಏನು ಮಾಡೋದು? ನನ್ನನ್ನ ಬಿಟ್ಟು ಇರೋದೇ ಇಲ್ಲ ಅಂತಾಳೆ" ಎಂದ.

ಅಂದಿನಿಂದ ಹಂದಿ ದಾರಿ ಬಿಟ್ಟಿತು. ಚಿರತೆ ಸಹ ನಿಂತು, "ಸಿಂಗಾರಮ್ಮ ಕ್ಷೇಮವೇ ಕೆಂಚಪ್ಪನವರೇ?" ಎಂದು ಕೇಳತೊಡಗಿತು. ಕೆಂಚಪ್ಪನಿಗೆ ಇಷ್ಟು ಸಾಕಾಗಿತ್ತು. ತೊಂದರೆ ಒಂದೇ: ಸಾಕಿದ ಮೇಲೆ ಊಟ ಹಾಕಬೇಕು. ಸಿಂಗಾರಮ್ಮ ಹದಿನೈದು ದಿನಕ್ಕೊಮ್ಮೆ ತಿನ್ನುತ್ತಿದ್ದಳು, ಅದೂ ಜೀವವಿರುವ ಇಲಿಯನ್ನೇ. ಸತ್ತದ್ದನ್ನು ತಂದರೆ ಮೂಸಿ ಮುಖ ತಿರುಗಿಸುತ್ತಿದ್ದಳು. ಪ್ರತಿಸಲವೂ ಇಲಿಯ ಹಿಂದೆ ಓಡಿ ಓಡಿ ಕೆಂಚಪ್ಪನ ನಾಲಿಗೆ ಹೊರಬೀಳುತ್ತಿತ್ತು. ಒಟ್ಟಿಗೆ ಒಂದಿಷ್ಟು ಇಲಿಗಳನ್ನು ಕೂಡಿಹಾಕಿದರೆ? ಅದಕ್ಕೂ ಓಡಬೇಕಲ್ಲ! ಅವೇ ನಡೆದು ಬರುವಂತಾದರೆ?

ಕಾಲವೂ ಕೂಡಿಬಂದಿತ್ತು. ಬಿದಿರಕ್ಕಿ ಉದುರಿದಾಗ ಇಲಿಗಳು ಹೊಟ್ಟೆತುಂಬ ತಿಂದು, ಸಂಸಾರದ ಮೇಲೆ ಸಂಸಾರ ಮಾಡಿದ್ದವು. ಈಗ ಅಕ್ಕಿ ಖಾಲಿಯಾಗಿತ್ತು, ಹೊಟ್ಟೆಗಳು ಮಾತ್ರ ಉಳಿದಿದ್ದವು. ಕೆಂಚಪ್ಪ ಹುತ್ತದ ಮೇಲೆ ಹತ್ತಿ ನಿಂತು ಗಂಟಲು ಸರಿಮಾಡಿಕೊಂಡ.

"ಇಲಿ ಬಾಂಧವರೇ, ನಿಮ್ಮ ಕಷ್ಟ ನೋಡಿ ನನಗೆ ಅನ್ನ ಸೇರುತ್ತಿಲ್ಲ. ಹಳ್ಳದ ಪಕ್ಕ ಬಿದ್ದಿರುವ ಹೊನ್ನೆಮರದ ಪೊಟರೆಯಲ್ಲಿ ತಾತ್ಕಾಲಿಕ ವಸತಿ ಏರ್ಪಾಡು ಮಾಡಿದ್ದೇನೆ. ಊಟ, ಹಾಸಿಗೆ ಎಲ್ಲ ನನ್ನದೇ. ಒಬ್ಬೊಬ್ಬರಿಗೂ ಶಾಶ್ವತ ಮನೆ ಸಿಗುವವರೆಗೆ ಇರಿ."

"ನರಿ ಇಲಿಗೆ ಊಟ ಹಾಕುತ್ತಾ?" ಎಂದಳು ದುಂಡಕ್ಕ. ಅವಳು ಇಲಿಗಳಲ್ಲೇ ಹಿರಿಯಳು, ಮಾತಿನಲ್ಲಿ ಚೂಪು.

"ತಾಯೀ, ನಾನು ಮಾಂಸ ಬಿಟ್ಟು ಸೊಪ್ಪುಸದೆಗೆ ತಿರುಗಿ ಎಷ್ಟು ದಿನವಾಯಿತು!" ಎಂದು ಕೆಂಚಪ್ಪ ಕಣ್ಣು ತೇವ ಮಾಡಿಕೊಂಡ.

ದುಂಡಕ್ಕ ನಂಬಲಿಲ್ಲ. ಆದರೆ ಅವಳ ಗಂಡ ಚೂಟಪ್ಪ ಎರಡು ದಿನದಿಂದ ಉಪವಾಸವಿದ್ದ. "ನೀನು ಅನುಮಾನ ತಿಂದುಕೊಂಡು ಇಲ್ಲೇ ಇರೇ. ನಾನು ಊಟ ಮಾಡ್ತೀನಿ" ಎಂದು ಹೊರಟ. ಅವನ ಹಿಂದೆ ಹನ್ನೆರಡು ಇಲಿಗಳು ಹೊರಟವು. ಗಂಡನನ್ನು ಒಬ್ಬನೇ ಬಿಡಲಾರದೆ ದುಂಡಕ್ಕನೂ ಹೊರಟಳು.

ಎರಡು ದಿನಕ್ಕೆ ಕೆಂಚಪ್ಪ ಬಂದು ಕರೆದ. "ಚೂಟಪ್ಪನವರೇ, ಶಾಶ್ವತ ಮನೆ ಸಿಕ್ಕಿತು. ಬನ್ನಿ. ಬಂಡೆಯ ಮನೆ, ಬೆಚ್ಚಗಿರುತ್ತೆ."

ಚೂಟಪ್ಪ ಮೀಸೆ ನೀವಿಕೊಂಡ. "ಮನೆ ನೋಡಿ ಬಂದು ನಿನ್ನನ್ನ ಕರ್ಕೊಂಡು ಹೋಗ್ತೀನಿ" ಎಂದು ಹೆಂಡತಿಗೆ ಹೇಳಿಹೋದ. ಅಂದು ಕೆಂಚಪ್ಪ ಇಲಿಯ ಹಿಂದೆ ಓಡದೆಯೇ ಸಿಂಗಾರಮ್ಮನಿಗೆ ಊಟವಾಯಿತು. ಅವನು ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಆದರೆ ವಸತಿಗೃಹ ನಡೆಸುವುದು ಎಂದರೆ ಏನೆಂದು ಆಮೇಲೆ ಗೊತ್ತಾಯಿತು. ಇಲಿಗಳಿಗೆ ಹೊತ್ತು ಹೊತ್ತಿಗೆ ತಿನ್ನಲು ಬೇಕು. ಕೊಡದಿದ್ದರೆ ಗೋಡೆ ಕೊರೆಯುತ್ತವೆ. ಕೆಂಚಪ್ಪ ಅತ್ತಿಹಣ್ಣು ಆಯ್ದ, ಗೆಡ್ಡೆ ಅಗೆದ, ಹುಲ್ಲಿನ ಬೀಜ ಉದುರಿಸಿದ. ತನಗೆ ಬೇಟೆಯಾಡಲು ಪುರಸೊತ್ತೇ ಇಲ್ಲದೆ ಅವನೂ ಅತ್ತಿಹಣ್ಣನ್ನೇ ತಿಂದ.

"ಅಣ್ಣಾ, ಹಾಸಿಗೆ ಒದ್ದೆಯಾಗಿದೆ" ಎಂದಿತು ಒಂದು ಇಲಿ.

"ಅಣ್ಣಾ, ನಿನ್ನೆಯ ಗೆಡ್ಡೆ ಸ್ವಲ್ಪ ಕಹಿ" ಎಂದಿತು ಇನ್ನೊಂದು.

"ಅಣ್ಣಾ, ಸಿಹಿ ಸುದ್ದಿ!" ಎಂದಿತು ಮತ್ತೊಂದು. ಆ ಸಿಹಿ ಸುದ್ದಿ ದಿನ ಬಿಟ್ಟು ದಿನ ಬರುತ್ತಿತ್ತು. ಒಂದೂವರೆ ತಿಂಗಳಲ್ಲಿ ಪೊಟರೆಯ ತುಂಬ ಇಲಿಗಳೇ. ಕೆಂಚಪ್ಪ ದಿನವೂ ಬೆಳಿಗ್ಗೆ ಹಳೆಯ ಹುಲ್ಲನ್ನು ಎದೆಗವಚಿ ಹೊರಹಾಕುತ್ತಿದ್ದ, ಹೊಸದನ್ನು ಹಾಸುತ್ತಿದ್ದ. ಮರಿಗಳು ಅವನ ಬೆನ್ನ ಮೇಲೆ ಜಾರುಬಂಡೆ ಆಡುತ್ತಿದ್ದವು, ಅಲ್ಲೇ ಉಚ್ಚೆಯನ್ನೂ ಹೊಯ್ಯುತ್ತಿದ್ದವು. ಎಷ್ಟು ಸಲ ಹಳ್ಳಕ್ಕೆ ಬಿದ್ದು ಹೊರಳಿದರೂ ಮೈಯ ಇಲಿನಾತ ಹೋಗಲಿಲ್ಲ. ಚಿರತೆ ಈಗಲೂ ಕ್ಷೇಮ ವಿಚಾರಿಸುತ್ತಿತ್ತು, ಆದರೆ ನಾತ ಬಡಿಯದಂತೆ ಗಾಳಿ ಬರುವ ಕಡೆ ನಿಂತು.

ದುಂಡಕ್ಕ ಮಾತ್ರ ಏನೂ ಬೇಡುತ್ತಿರಲಿಲ್ಲ. ಬಾಗಿಲಲ್ಲೇ ಕೂತಿರುತ್ತಿದ್ದಳು.

"ಅಣ್ಣಾ, ಮನೆ ಸಿಕ್ಕಿ ಹೋದವರು ನಾಲ್ಕು ಜನ ಆಯ್ತು. ಒಬ್ಬರೂ ಬಂದು ಮುಖ ತೋರಿಸಿಲ್ಲ."

"ಮನೆ ಅಷ್ಟು ಚೆನ್ನಾಗಿದೆ ತಾಯೀ. ಹೋದವರಿಗೆ ಹೊರಗೆ ಬರೋಕೆ ಮನಸ್ಸೇ ಬರಲ್ಲ."

"ಊಟ ಬಿಟ್ಟರೂ ನನ್ನ ಬಿಟ್ಟು ಇರೋನಲ್ಲ ನನ್ನ ಗಂಡ" ಎಂದಳು ದುಂಡಕ್ಕ. "ಬಾ ಅಂತ ಹೇಳಿ ಕಳಿಸಬಾರದಿತ್ತಾ?"

ಕೆಂಚಪ್ಪನಿಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಅದು ಹಸಿವು ಎಂದುಕೊಂಡು ಅವನು ಒಂದು ಅತ್ತಿಹಣ್ಣು ತಿಂದ. ಆಮೇಲೆ ಯೋಚಿಸಿದ. ಪ್ರಶ್ನೆ ಕೇಳುವವಳು ಇಲ್ಲಿರುವುದು ಒಳ್ಳೆಯದಲ್ಲ.

"ಹೇಳಿ ಕಳಿಸಿದ್ದಾನೆ ತಾಯೀ! ಮರೆತೇಬಿಟ್ಟಿದ್ದೆ. ನಡಿ, ಇವತ್ತೇ ಹೋಗೋಣ" ಎಂದ. ಎರಡು ಕೊಬ್ಬಿದ ಗಡವ ಇಲಿಗಳನ್ನೂ ಜೊತೆಗೆ ಕರೆದುಕೊಂಡ. ಹೊರಡುವ ಮುಂಚೆ ಅವುಗಳಿಗೆ ಊಟ ಹಾಕಲಿಲ್ಲ. ಹೇಗೂ ಔತಣಕ್ಕೇ ಹೋಗುತ್ತಿದ್ದವಲ್ಲ.

ಮೂವರನ್ನೂ ಗವಿಯೊಳಗೆ ತಳ್ಳಿ, ಬಾಯಿಗೆ ಕಲ್ಲು ಉರುಳಿಸಿ, ಕೆಂಚಪ್ಪ ಹೊರಟುಬಂದ. ಸಿಂಗಾರಮ್ಮನನ್ನು ಅವನು ಸರಿಯಾಗಿ ನೋಡಲೇ ಇಲ್ಲ. ನೋಡಿದ್ದರೆ ಅವಳ ಮೈ ಮಂಕಾಗಿರುವುದು, ಕಣ್ಣಿಗೆ ಹಾಲಿನ ಪೊರೆ ಕಟ್ಟಿರುವುದು ಕಾಣುತ್ತಿತ್ತು. ಪೊರೆ ಕಳಚುವ ಮುಂಚೆ ಹಾವಿಗೆ ಕಣ್ಣು ಕಾಣುವುದಿಲ್ಲ, ಊಟವೂ ಬೇಡ, ಮುಟ್ಟಿದವರ ಮೇಲೆಲ್ಲ ಸಿಟ್ಟು. ತಾನು ಸಾಕಿದ್ದೇನೆ ಎಂದು ಇಡೀ ಕಾಡಿಗೆ ಸಾರಿದವನಿಗೆ ಇಷ್ಟು ಗೊತ್ತಿರಲಿಲ್ಲ.

ಗವಿಯಲ್ಲಿ ದುಂಡಕ್ಕನಿಗೆ ಗಂಡ ಸಿಗಲಿಲ್ಲ. ಮೂಲೆಯಲ್ಲಿ ಬೂದು ಕೂದಲಿನ ಉಂಡೆಯೊಂದು ಸಿಕ್ಕಿತು. ಅವಳು ಅದನ್ನು ಮೂಸಿದಳು. ಚೂಟಪ್ಪನದೇ ವಾಸನೆ. ಮೂರು ದಿನ ಕಳೆಯಿತು, ಹಾವು ಅಲುಗಲಿಲ್ಲ. ಗಡವರಿಬ್ಬರೂ ಹಸಿವಿನಿಂದ ಅಳತೊಡಗಿದರು.

"ಅಳಬೇಡಿ. ನಮಗೆ ಹಲ್ಲಿದೆ" ಎಂದಳು ದುಂಡಕ್ಕ. ಮೂವರೂ ಸೇರಿ ಸಿಂಗಾರಮ್ಮನ ಬಾಲಕ್ಕೆ ಬಾಯಿ ಹಾಕಿದರು.

ಸಿಂಗಾರಮ್ಮನ ಬುಸುಗುಟ್ಟುವಿಕೆ ಹಳ್ಳದವರೆಗೂ ಕೇಳಿತು. ಕೆಂಚಪ್ಪ ಓಡಿಬಂದು ಕಲ್ಲು ಸರಿಸಿದ. ಇಲಿಗಳು ಅವನ ಕಾಲುಗಳ ನಡುವಿನಿಂದ ಹೊರಗೆ ಚಿಮ್ಮಿದವು. ಹಾವಿನ ಬಾಲದಲ್ಲಿ ರಕ್ತ. "ಅಯ್ಯೋ, ನನ್ನ ಬಂಗಾರಾ!" ಎನ್ನುತ್ತಾ ಅವನು ಒಳಗೆ ಕಾಲಿಟ್ಟ.

ಕಣ್ಣು ಕಾಣದ ಸಿಂಗಾರಮ್ಮ ನಾಲಿಗೆ ಚಾಚಿ ವಾಸನೆ ಹಿಡಿದಳು. ಇಲಿ! ಅದೂ ಎಂಥ ಇಲಿ, ಇಪ್ಪತ್ತು ಇಲಿಯಷ್ಟು ವಾಸನೆ! ಒಂದೇ ಏಟಿಗೆ ಹೆಗಲಿಗೆ ಬಾಯಿ ಹಾಕಿ ಮೂರು ಸುತ್ತು ಬಿಗಿದಳು.

"ನಾನು... ನಾನು ಇಲಿಯಲ್ಲ ಕಣೇ! ಕೆಂಚಪ್ಪ! ನಿನ್ನ ಸಾಕಿದವನು!"

"ಕೊನೇ ಗಳಿಗೇಲಿ ಇಲಿಗಳೆಲ್ಲ ಹೀಗೇ ಏನಾದರೂ ಹೇಳ್ತವೆ" ಎಂದು ಸಿಂಗಾರಮ್ಮ ಇನ್ನೊಂದು ಸುತ್ತು ಬಿಗಿದಳು. ಕೆಂಚಪ್ಪನ ಪಕ್ಕೆಲುಬುಗಳು ಒಣಬಿದಿರಿನಂತೆ ಲಟಲಟ ಎಂದವು. ಆಗ ಅವನ ತಲೆಯನ್ನು ಬಾಯಿಗಿಟ್ಟುಕೊಂಡವಳು ಕೆಮ್ಮಿದಳು. "ಥೂ! ಬರೀ ಕೂದಲು. ಹಸಿವೂ ಇಲ್ಲ, ರುಚಿಯೂ ಇಲ್ಲ" ಎಂದು ಉಗಿದು ಸುತ್ತು ಸಡಿಲಿಸಿದಳು. ಕೆಂಚಪ್ಪ ತೆವಳಿಕೊಂಡು ಹೊರಬಂದ.

ಹೊನ್ನೆಮರದ ಹತ್ತಿರ ಬಂದಾಗ ಪೊಟರೆ ಖಾಲಿ. ದುಂಡಕ್ಕ ಬಂದು ವಿಷಯ ಹೇಳಿದ್ದಳು. ಹಿಂದುಗಡೆ ದೊಡ್ಡದೊಂದು ತೂತಿತ್ತು. ಅದನ್ನು ಕೊರೆದು ತಿಂಗಳಾಗಿತ್ತು. ಬಿಟ್ಟಿ ಊಟ ಬಿಟ್ಟು ಹೋಗುವುದು ಹೇಗೆಂದು ಇಲಿಗಳೇ ಇಷ್ಟು ದಿನ ಸುಮ್ಮನೆ ಕೂತಿದ್ದವು.

ವಾರ ಕಳೆಯಿತು. ಸಿಂಗಾರಮ್ಮ ಪೊರೆ ಕಳಚಿ, ಹೊಳೆಯುವ ಮೈಯಲ್ಲಿ ಹಳ್ಳಕ್ಕೆ ನೀರು ಕುಡಿಯಲು ಬಂದಳು. ಆಚೆ ದಡದಿಂದ ಚಿರತೆ ವಿನಯದಿಂದ ಕೇಳಿತು, "ಅಮ್ಮಾ, ಕೆಂಚಪ್ಪ ಅಲ್ಲವೇ ನಿಮ್ಮನ್ನು ಸಾಕಿದವನು? ಎಲ್ಲೂ ಕಾಣ್ತಿಲ್ಲವಲ್ಲ?"

"ಯಾರು? ಊಟ ತಂದುಕೊಡ್ತಿದ್ದ ಆ ಕೆಂಪು ಪ್ರಾಣಿನಾ?" ಎಂದಳು ಸಿಂಗಾರಮ್ಮ. "ಅವನನ್ನ ಸಾಕಿದ್ದು ನಾನು ಅಂದ್ಕೊಂಡಿದ್ದೆ."

ಪೊದೆಯ ಮರೆಯಲ್ಲಿ ಮಲಗಿ ಪಕ್ಕೆ ನೆಕ್ಕಿಕೊಳ್ಳುತ್ತಿದ್ದ ಕೆಂಚಪ್ಪ ಅದನ್ನು ಕೇಳಿಸಿಕೊಂಡ. ಚಿರತೆ ನಕ್ಕದ್ದೂ ಕೇಳಿಸಿತು. ಅದರ ನಗು ನಿಲ್ಲುವ ಮೊದಲೇ ಅವನು ಕುಂಟುತ್ತಾ ಆ ಕಾಡು ಬಿಟ್ಟು ಹೊರಟ.

ನೀತಿ: ನಂಬಿ ಬಂದವರನ್ನು ಬಲಿಕೊಟ್ಟು ಬಲವಂತರ ನೆರಳಲ್ಲಿ ಮೆರೆಯಲು ಹೋದರೆ, ನಂಬಿದವರೂ ಉಳಿಯುವುದಿಲ್ಲ, ಬಲವಂತರಿಗೆ ನಮ್ಮ ಗುರುತೂ ಇರುವುದಿಲ್ಲ.