ಬಟ್ಟಲುಬಂಡೆಯ ಮೂರು ಹುಣ್ಣಿಮೆ

ಹತ್ತಿರ ಬಂದು ಕೂತುಕೊಳ್ಳಿ ಮಕ್ಕಳೇ. ಬೆಣಚುನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿ ಮಾದರಸ ಅನ್ನುವ ದೊರೆಯಿದ್ದ. ಆ ರಾಜ್ಯದಲ್ಲಿ ದೊರೆಯ ಅರಮನೆಗಿಂತ ದೊಡ್ಡದು ಒಂದಿತ್ತು. ಅದನ್ನು ಯಾರೂ ಕಟ್ಟಿದ್ದಲ್ಲ. ಊರ ಪಕ್ಕದ ಹೆಬ್ಬಂಡೆಯ ನಡುವೆ, ಯಾರೋ ಬೊಗಸೆಯೊಡ್ಡಿದ ಹಾಗೆ ಒಂದು ತಗ್ಗು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಸಾವಿರಾರು ಜನ ಕೂರಬಹುದಾದ ಕಲ್ಲಿನ ಬಟ್ಟಲು. ಜನ ಅದನ್ನು ಬಟ್ಟಲುಬಂಡೆ ಅನ್ನುತ್ತಿದ್ದರು.

ಅದರ ಗುಣ ಕೇಳಿ. ಎಲ್ಲರೂ ಸುಮ್ಮನಿದ್ದರೆ, ನಡುವೆ ನಿಂತವನ ಪಿಸುಮಾತು ಮೇಲಿನ ಅಂಚಿನಲ್ಲಿ ಕೂತ ಮುದುಕಿಯ ಕಿವಿಗೂ ಮುಟ್ಟುತ್ತಿತ್ತು. ಹತ್ತು ಜನ ಕೂಗಿದರೆ ಮಾತ್ರ ದನಿಗೆ ದನಿ ಡಿಕ್ಕಿ ಹೊಡೆದು ಬರೀ ಗದ್ದಲ. ಮೊದಲ ಸಲ ಬಂದವರು ಅಲ್ಲಿ ಎಲೆ ಉರುಳುವ ಸದ್ದು ಕೇಳಿ, ಕೈಮುಗಿಯಬೇಕೋ ಓಡಬೇಕೋ ತಿಳಿಯದೆ ನಿಂತುಬಿಡುತ್ತಿದ್ದರು.

ಅಲ್ಲೊಂದು ಕಟ್ಟುಪಾಡಿತ್ತು. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಯಾರು ಬೇಕಾದರೂ ನಡುವೆ ನಿಂತು ಏನು ಬೇಕಾದರೂ ಹೇಳಬಹುದು. ದೊರೆಯನ್ನು ಬಯ್ಯಬಹುದು, ದೇವರನ್ನು ಪ್ರಶ್ನಿಸಬಹುದು. ಶಿಕ್ಷೆಯಿಲ್ಲ. ಮೊದಲು ಬಂದವನಿಗೆ ಮೊದಲ ಮಾತು. ದೊರೆ ಬರಿಗಾಲಲ್ಲಿ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂರಬೇಕು. ಕೇಳಿದ ದೂರನ್ನು ಅಂದೇ ವಿಚಾರಿಸಬೇಕು. ಸೂರ್ಯ ನೆತ್ತಿಗೆ ಬಂದರೆ ಸಭೆ ಮುಗಿಯಿತು. ಆದರೆ ಜಗಳವಾಗಿ ಬಂಡೆಯ ಮೇಲೆ ಒಂದೇ ಒಂದು ಹನಿ ರಕ್ತ ಬಿದ್ದರೂ, ಒಂದು ವರ್ಷ ಅಲ್ಲಿ ಯಾರೂ ಬಾಯಿ ತೆರೆಯುವಂತಿಲ್ಲ.

ಊರಲ್ಲಿ ಎರಡು ದೊಡ್ಡ ಬೀದಿಗಳಿದ್ದವು. ದೀಪದ ಬೀದಿಯವರು ಎಂದೂ ಆರದ ಒಂದು ದೀಪವನ್ನು ಪೂಜಿಸುತ್ತಿದ್ದರು. ಅವರು ಯಾವ ದೀಪವನ್ನೂ ಬಾಯಿಂದ ಊದಿ ಆರಿಸುತ್ತಿರಲಿಲ್ಲ. ಪಾದದ ಬೀದಿಯವರು ಕಲ್ಲಿನ ಮೇಲೆ ಮೂಡಿದ ತಮ್ಮ ಗುರುವಿನ ಹೆಜ್ಜೆಯನ್ನು ಪೂಜಿಸುತ್ತಿದ್ದರು. ಅವರ ಬೀದಿಯಲ್ಲಿ ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ. ದೀಪದವರ ಗಾಣದ ಎಣ್ಣೆ ಪಾದದವರ ಅಡುಗೆಮನೆಗೆ, ಪಾದದವರ ಮಗ್ಗದ ನೂಲು ದೀಪದವರ ಬತ್ತಿಗೆ. ಹೀಗೆ ನಡೆದಿತ್ತು.

ಒಮ್ಮೆ ದೀಪದ ಬೀದಿಯ ತುಂಗವ್ವ ಅನ್ನುವ ಹುಡುಗಿ ಬಟ್ಟಲಲ್ಲಿ ನಿಂತು ಕೇಳಿದ್ದಳು. “ದೇವರ ದೀಪಕ್ಕೆ ಕೊಡಗಟ್ಟಲೆ ಎಣ್ಣೆ ತರ್ತೀರಿ. ಅದರಲ್ಲಿ ಒಂದು ಪಾಲು ಬಾಣಂತಿಯರ ತಲೆಗೆ ಹಚ್ಚಿದರೆ ದೇವರು ಸಿಟ್ಟಾಗ್ತಾನಾ?” ಹಿರಿಯರಿಗೆ ಬಹಳ ನೋವಾಯಿತು. ಮೂರು ಹುಣ್ಣಿಮೆ ವಾದ ಮಾಡಿದರು. ಕೊನೆಗೆ ಬಾಣಂತಿಯರಿಗೆ ಎಣ್ಣೆ ಸಿಕ್ಕಿತು. ತುಂಗವ್ವನ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ಬಟ್ಟಲುಬಂಡೆ ಅಂಥದು.

ಊರ ಮೇಲುಗಡೆ ಒಂದು ದೊಡ್ಡ ಕೆರೆ. ಅದರ ಏರಿಯ ಬುಡದಲ್ಲಿ ಸಂಕವ್ವ ಅನ್ನುವ ಮುದುಕಿಯ ಗುಡಿಸಲು. ಅವಳ ಗಂಡ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿಯಾಗಿದ್ದ. ಅವನು ತೀರಿಕೊಂಡು ವರ್ಷವಾಗಿತ್ತು. ಅವನು ಹೇಳಿಕೊಟ್ಟದ್ದು ಅವಳಿಗೆ ನೆನಪಿತ್ತು. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಭಯವಿಲ್ಲ. ಕೆಂಪು ನೀರು ಜಿನುಗಿದರೆ, ಏರಿಯೊಳಗಿನ ಮಣ್ಣು ಕರಗಿ ಹೊರಗೆ ಬರುತ್ತಿದೆ ಅಂತ ಅರ್ಥ.

ಚೈತ್ರದಲ್ಲಿ ಸಂಕವ್ವನ ಹಿತ್ತಿಲಲ್ಲಿ ಕೆಂಪು ನೀರು ಜಿನುಗಿತು.

ಯಾಕೆ ಗೊತ್ತೇ? ಕೆರೆಯ ಅಧಿಕಾರಿ ಕೇತಣ್ಣ ಏರಿಯ ಒಳಮೈಯ ಕಲ್ಲು ಕೀಳಿಸಿ ತನ್ನ ಹೊಸ ಮನೆಗೆ ಜಗಲಿ ಕಟ್ಟಿಸಿದ್ದ. ಏರಿಯ ಮೇಲೆ ಅವನ ಕಾವಲು. ಅರಮನೆಯ ಬಾಗಿಲಲ್ಲೂ ಅವನ ಮಾತೇ; ದೂರು ಹೇಳಲು ಹೋದ ಸಂಕವ್ವನನ್ನು ಅಲ್ಲೇ ತಡೆದರು, ಸುದ್ದಿ ಅವನಿಗೆ ಮುಟ್ಟಿತು. ಸಂಕವ್ವನಿಗೆ ಉಳಿದದ್ದು ಬಟ್ಟಲುಬಂಡೆಯೊಂದೇ. ಜೋರು ಮಳೆಗೆ ಮುಂಚೆ ಅಲ್ಲಿ ಅವಳ ಮಾತು ದೊರೆಗೆ ಮುಟ್ಟದಿದ್ದರೆ ಏರಿ ಒಡೆಯುತ್ತದೆ, ಊರು ಕೊಚ್ಚಿಹೋಗುತ್ತದೆ.

ಚೈತ್ರದ ಹುಣ್ಣಿಮೆ ಬಂತು. ಸಂಕವ್ವ ಬೇಗ ಹೋದಳು. ಕೇತಣ್ಣ ಅವಳಿಗಿಂತ ಬೇಗ ಬಂದು ನಡುವೆ ನಿಂತಿದ್ದ. ಹಣತೆಯೊಂದನ್ನು ಹಚ್ಚಿ ಎತ್ತಿ ಹಿಡಿದು ಕೂಗಿದ. “ಏ ದೀಪದ ಬೀದಿಯವರೇ! ನಿಮ್ಮ ದೇವರ ಶಕ್ತಿ ನೋಡ್ಕೊಳ್ಳಿ!” ಉಫ್ ಅಂತ ಊದಿ ಆರಿಸಿದ. “ಹೋದ! ಇಷ್ಟೇ ನಿಮ್ಮ ದೇವರು!” ದೀಪದ ಬೀದಿಯವರು ಎದ್ದು ಕೂಗಾಡಿದರು. ಸೂರ್ಯ ನೆತ್ತಿಗೆ ಬಂತು. ಸಭೆ ಮುಗಿಯಿತು.

ವೈಶಾಖದ ಹುಣ್ಣಿಮೆ ಬಂತು. ಸಂಕವ್ವ ಇನ್ನೂ ಬೇಗ ಹೋದಳು. ಕೇತಣ್ಣ ಅದಕ್ಕಿಂತ ಬೇಗ ಬಂದಿದ್ದ. ಈ ಸಲ ಒದ್ದೆ ಮಣ್ಣು ಹರಡಿ, ಎಮ್ಮೆಯ ಗೊರಸನ್ನು ಒತ್ತಿಸಿದ್ದ. “ಏ ಪಾದದ ಬೀದಿಯವರೇ! ನಿಮ್ಮ ಗುರು ನಮ್ಮ ಕೊಟ್ಟಿಗೆಗೆ ಬಂದಿದ್ದ, ಬನ್ನಿ, ಅಡ್ಡಬೀಳಿ!” ಪಾದದ ಬೀದಿಯವರು ಕಲ್ಲು ಎತ್ತಿಕೊಂಡರು. ಹಿರಿಯರು ಅಡ್ಡ ನಿಂತು ತಡೆದರು. ಸೂರ್ಯ ನೆತ್ತಿಗೆ ಬಂತು. ಸಭೆ ಮುಗಿಯಿತು.

ಆ ದಿನ ಸಂಕವ್ವ ಎರಡೂ ಬೀದಿಯ ಹಿರಿಯರನ್ನು ಅರಳಿಕಟ್ಟೆಗೆ ಕರೆದಳು. ದೀಪದ ಬೀದಿಯಿಂದ ದೇಪಜ್ಜ ಬಂದ. ಪಾದದ ಬೀದಿಯಿಂದ ಅಡಿಮಯ್ಯ ಬಂದ.

“ಅವನ ನಾಲಿಗೆ ಕೀಳಬೇಕು,” ಅಂದ ಅಡಿಮಯ್ಯ.

“ಕೀಳೋದು ಬೇಡಪ್ಪ. ದೊರೆಗೆ ಹೇಳಿ, ಬಟ್ಟಲಲ್ಲಿ ಇನ್ನು ದೇವರ ಸುದ್ದಿಯನ್ನೇ ಎತ್ತಬಾರದು ಅಂತ ಕಟ್ಟು ಮಾಡಿಸೋಣ,” ಅಂದ ದೇಪಜ್ಜ.

“ಹಾಗಾದರೆ ಅಜ್ಜಾ, ನಿಮ್ಮ ತುಂಗವ್ವ ತನ್ನ ಪ್ರಶ್ನೆ ಎಲ್ಲಿ ಕೇಳಬೇಕಿತ್ತು?” ಅಂದಳು ಸಂಕವ್ವ.

ದೇಪಜ್ಜ ಗಡ್ಡ ನೀವಿಕೊಂಡ. “ಅವಳು ಉತ್ತರ ಬೇಕು ಅಂತ ಕೇಳಿದಳು ಕಣವ್ವ. ಇವನಿಗೆ ಯಾವ ಉತ್ತರವೂ ಬೇಡ.”

“ಹೌದಲ್ಲಾ! ಇವನಿಗೆ ಉತ್ತರ ಬೇಡ. ಹಾಗಾದರೆ ಇನ್ನೇನು ಬೇಕು? ದೇವರ ಗೋಜಿಗೇ ಹೋಗದವನು ಎರಡು ಹುಣ್ಣಿಮೆ ನಿದ್ದೆ ಬಿಟ್ಟು ಯಾಕೆ ಬಂದ?” ಸಂಕವ್ವ ಅವರಿಬ್ಬರನ್ನೂ ತನ್ನ ಹಿತ್ತಿಲಿಗೆ ಕರೆದುಕೊಂಡು ಹೋಗಿ ಕೆಂಪು ನೀರು ತೋರಿಸಿದಳು. ಇಬ್ಬರೂ ಬಗ್ಗಿ ನೀರಿಗೆ ಬೆರಳದ್ದಿ, ತಲೆಯೆತ್ತಿ ಏರಿಯನ್ನು ನೋಡಿದರು.

“ಮುಂದಿನ ಹುಣ್ಣಿಮೆಗೆ ಅವನು ಏನೇ ಅನ್ನಲಿ, ನೀವು ಉಸಿರು ಬಿಗಿಹಿಡಿದು ಕೂತುಬಿಡಿ,” ಅಂದಳು ಸಂಕವ್ವ.

ಅಡಿಮಯ್ಯನ ಮುಖ ಕೆಂಪಾಯಿತು. “ಬೈಸಿಕೊಂಡು ಕೂರಬೇಕಾ? ನಮಗೇನು ಮಾನ ಇಲ್ವಾ ತಾಯಿ?”

“ನುಂಗಿಕೊಳ್ಳಿ ಅಂತ ನಾನು ಹೇಳ್ತಿಲ್ಲ ಅಣ್ಣಾ. ನೋವಾಗಿದೆ, ನನಗೆ ಗೊತ್ತಿದೆ. ಆದರೆ ನಾವು ಕೂಗಿದಷ್ಟೂ ಅವನಿಗೆ ಮರೆ. ಒಂದು ಸಲ ಪೂರ್ತಿ ಕೇಳೋಣ. ಬೈಗುಳದ ಹಿಂದೆ ಏನಿದೆ ಅಂತ ಬಂಡೆಯೇ ಹೇಳಲಿ.”

ಜ್ಯೇಷ್ಠದ ಹುಣ್ಣಿಮೆ ಬಂತು. ಮೂಡಲಲ್ಲಿ ಕಪ್ಪು ಮೋಡ ಕಟ್ಟಿತ್ತು. ಹಿರಿಯರಿಬ್ಬರೂ ತಮ್ಮ ಬೀದಿಯ ಮನೆಮನೆಗೂ ಹೇಳಿಟ್ಟಿದ್ದರು; ಊರಿಗೆ ಊರೇ ಬಟ್ಟಲಲ್ಲಿ ಸೇರಿತ್ತು. ಕೇತಣ್ಣ ನಡುವೆ ನಿಂತಿದ್ದ. ಪಕ್ಕದಲ್ಲಿ ಅವನ ಆಳು ಬೊಮ್ಮ.

ಕೇತಣ್ಣ ಹಣತೆ ಊದಿದ. ಯಾರೂ ಏಳಲಿಲ್ಲ.

ಕೇತಣ್ಣ ಚಪ್ಪಲಿ ಕಾಲಲ್ಲಿ ಮಣ್ಣು ತುಳಿದು, “ಇದೂ ಗುರುಪಾದವೇ!” ಅಂತ ನಕ್ಕ. ಯಾರೂ ಏಳಲಿಲ್ಲ.

ಕೇತಣ್ಣ ಬಾಯಿಗೆ ಬಂದದ್ದೆಲ್ಲ ಕೂಗಿದ, ಅವರು ಇವರನ್ನು ಹೀಗಂದರು, ಇವರು ಅವರನ್ನು ಹಾಗಂದರು ಅಂತ. ಅಡಿಮಯ್ಯ ಕಣ್ಣುಮುಚ್ಚಿ ಕೂತಿದ್ದ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ದೇಪಜ್ಜ ಪಕ್ಕಕ್ಕೆ ಸರಿದು ಅವನ ಕೈ ಹಿಡಿದುಕೊಂಡ. ಯಾರೂ ಏಳಲಿಲ್ಲ.

ಆಗ ಬಟ್ಟಲಲ್ಲಿ ಎಂಥ ಮೌನ ತುಂಬಿತು ಅಂತೀರಿ! ಸಾವಿರಾರು ಜನ, ಒಂದು ಕೆಮ್ಮಿಲ್ಲ. ಹಕ್ಕಿಯೊಂದು ಮೇಲೆ ಹಾರಿಹೋದರೆ ರೆಕ್ಕೆಯ ಒಂದೊಂದು ಬಡಿತವೂ ಕೇಳಿಸಿತು. ತೊಟ್ಟಿಲ ಕೂಸು ಕೂಡ ಅಳು ಮರೆತು ಆಕಾಶ ನೋಡಿತು.

ಕೇತಣ್ಣ ಅಲ್ಲಿಯವರೆಗೆ ಒಂದು ಹುಣ್ಣಿಮೆಯೂ ಬಟ್ಟಲಲ್ಲಿ ಕೂತು ಇನ್ನೊಬ್ಬರ ಮಾತು ಕೇಳಿದವನಲ್ಲ. ಅವನ ಪಾಲಿಗೆ ಅದು ಗದ್ದಲದ ಜಾಗ, ಅಷ್ಟೇ. ಅವನು ಬೊಮ್ಮನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದ.

“ಯಾಕೋ, ಈ ಮುಂಡೇವು ಏಳ್ತಾನೇ ಇಲ್ಲ? ಹೋಗು, ಹಿಂದೆ ನಿಂತು ನೀನೇ ಕಲ್ಲು ಬೀಸು. ಯಾರ ತಲೆಗಾದರೂ ಬೀಳಲಿ. ಒಂದು ಹನಿ ರಕ್ತ ಸಾಕು, ಈ ಬಂಡೆಯ ಬಾಯಿ ಒಂದು ವರ್ಷ ಮುಚ್ಚುತ್ತೆ. ಏರಿ ಕಲ್ಲಿನ ಸುದ್ದಿ ಆ ಮುದುಕಿಯ ಹೊಟ್ಟೇಲೇ ಇರುತ್ತೆ.”

ಬಂಡೆ ಆ ಮಾತನ್ನು ಎತ್ತಿಕೊಂಡಿತು. ಕೆಳಗಿನ ಮೆಟ್ಟಿಲಿಗೆ ಕೊಟ್ಟಿತು, ನಡುವಿನ ಮೆಟ್ಟಿಲಿಗೆ ಕೊಟ್ಟಿತು, ಮೇಲಿನ ಅಂಚಿಗೆ ಕೊಟ್ಟಿತು. ಒಂದಕ್ಷರವೂ ಉದುರಲಿಲ್ಲ. ಸಾವಿರಾರು ಕಣ್ಣು ತನ್ನನ್ನೇ ನೋಡುತ್ತಿರುವುದನ್ನು ಕಂಡು ಕೇತಣ್ಣನಿಗೆ ಆದದ್ದು ಗೊತ್ತಾಯಿತು. ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಸಂಕವ್ವ ಮೆಲ್ಲಗೆ ಇಳಿದು ಬಂದು ನಡುವೆ ನಿಂತಳು. ಅವಳ ದನಿ ಏರಲಿಲ್ಲ.

“ದೊರೆ, ನನ್ನ ಹಿತ್ತಿಲಲ್ಲಿ ಕೆಂಪು ನೀರು ಬರ್ತಾ ಇದೆ. ಚೈತ್ರದಲ್ಲಿ ಬೆರಳಿನಷ್ಟಿತ್ತು. ಈಗ ಮುಂಗೈಯಷ್ಟಿದೆ.”

ಅಷ್ಟೇ ಹೇಳಿದಳು. ಅಷ್ಟು ಸಾಕಾಯಿತು.

ದೊರೆ ಕತ್ತಿಯ ಹಿಡಿಗೆ ಕೈಹಾಕಿ ಎದ್ದ. “ಇವನ ನಾಲಿಗೆ ಈಗಲೇ, ಇಲ್ಲೇ!”

“ತಡೀರಿ ಬುದ್ಧಿ!” ಅಂದಳು ಸಂಕವ್ವ. “ಇಲ್ಲಿ ರಕ್ತ ಬಿದ್ದರೆ ಅವನು ಬಯಸಿದ್ದನ್ನು ನೀವೇ ಮಾಡಿಕೊಟ್ಟ ಹಾಗಾಯ್ತು. ಕಲ್ಲು ಕದ್ದದ್ದಕ್ಕೆ, ಕಲ್ಲು ಬೀಸಲು ಹೇಳಿದ್ದಕ್ಕೆ ಶಿಕ್ಷೆ ಕೊಡಿ. ನಾಲಿಗೆ ಇರಲಿ. ಇವತ್ತು ಅವನ ನಾಲಿಗೆ ಹೋದರೆ ನಾಳೆ ತುಂಗವ್ವನದು ಹೋಗುತ್ತೆ, ನಾಡಿದ್ದು ನನ್ನದು.”

ದೊರೆ ಕತ್ತಿಯಿಂದ ಕೈ ತೆಗೆದ. ಬಟ್ಟಲು ನಿಟ್ಟುಸಿರು ಬಿಟ್ಟಿತು.

ಆಮೇಲೆ ನಡೆದದ್ದನ್ನು ಆ ನಾಡಿನವರು ಬಹಳ ಕಾಲ ಹೇಳಿಕೊಂಡರು. ಊರಿಗೆ ಊರೇ ಎದ್ದು ಕೇತಣ್ಣನ ಮನೆಗೆ ನಡೆಯಿತು. ಜಗಲಿ ಕಿತ್ತರು. ಮೊದಲ ಕಲ್ಲನ್ನು ಕೇತಣ್ಣನ ಹೆಗಲಿಗೇ ಹೊರಿಸಿದರು. ಗಾಣದವರು, ಮಗ್ಗದವರು ಸಾಲಾಗಿ ನಿಂತು ಕಲ್ಲನ್ನು ಕೈಯಿಂದ ಕೈಗೆ ದಾಟಿಸಿದರು. ಮೂರು ದಿನ, ಮೂರು ರಾತ್ರಿ ಕೆಲಸ ನಡೆಯಿತು. ನಾಲ್ಕನೆಯ ದಿನ ಆಕಾಶವೇ ಕಳಚಿದಂತೆ ಮಳೆ ಹೊಡೆಯಿತು. ಕೆರೆ ಅಂಚಿನವರೆಗೆ ತುಂಬಿ, ಸಮುದ್ರದ ಹಾಗೆ ಮೊರೆಯಿತು. ಜನ ಮಳೆಯಲ್ಲೇ ನಿಂತು ಏರಿಯನ್ನು ನೋಡುತ್ತಿದ್ದರು. ಏರಿ ನಿಂತಿತು. ಊರು ಉಳಿಯಿತು.

ಕೇತಣ್ಣನ ಅಧಿಕಾರ ಹೋಯಿತು. ಏಳು ವರ್ಷ ಏರಿಯ ಮೇಲೆ ಮಣ್ಣು ಹೊರುವ ಶಿಕ್ಷೆಯಾಯಿತು. ಹುಣ್ಣಿಮೆಗೆ ಬಟ್ಟಲಿಗೆ ಬರಬೇಡ ಅಂತ ಮಾತ್ರ ಯಾರೂ ಅನ್ನಲಿಲ್ಲ. ಬಂದರೆ ಕೇಳಲು ಜನರಿದ್ದರು.

ಇಷ್ಟು ಕೇಳಿದಿರಲ್ಲ ಮಕ್ಕಳೇ, ಇದರ ನೀತಿಯನ್ನೂ ಕೇಳಿಕೊಳ್ಳಿ. ಮಾತಾಡುವ ಹಕ್ಕು ಎಲ್ಲರದು. ದೇವರ ಬಗ್ಗೆಯೂ ಕೇಳಬಹುದು, ಅದರಿಂದ ಯಾರಿಗಾದರೂ ನೋವಾದರೂ ಕೇಳಬಹುದು. ಆದರೆ ಇನ್ನೊಬ್ಬರ ನಂಬಿಕೆಯನ್ನು ಕೆಣಕಿ ರಕ್ತ ಹರಿಸಬೇಕೆಂದೇ ಆಡುವವನು ಆ ಹಕ್ಕನ್ನು ಎಲ್ಲರಿಂದ ಕಸಿಯಲು ಬಂದವನು. ಅವನ ಮೇಲೆ ಕಲ್ಲೆತ್ತಿದರೆ ಗೆಲ್ಲುವವನು ಅವನೇ. ಅವನಿಗೆ ಏನು ಬೇಕಾಗಿದೆ ಅಂತ ಊರೆಲ್ಲ ಸೇರಿ ಗಮನವಿಟ್ಟು ಕೇಳಿದರೆ, ಅವನು ಸೋಲುತ್ತಾನೆ.